ತಿಗರಿಯ ಮೇಲೆ ಮಣ್ಣಿನ ಪಾತ್ರೆ: ಹೊಸದಾಗಿ ಕಲಿಯುವವರಿಗೆ ಹಂತ ಹಂತದ ಮಾರ್ಗದರ್ಶಿ

ತಿಗರಿಯ ಮುಂದೆ ಮೊದಲ ಬಾರಿ ಕುಳಿತವರಿಗೆ ಒಂದು ಬಟ್ಟಲನ್ನಾದರೂ ಮಾಡಿ ಮನೆಗೆ ಒಯ್ಯಬೇಕೆಂಬ ಆಸೆ ಇರುವುದು ಸಹಜ. ಆದರೆ ಕಲಿಕೆಗೆ ಅಡ್ಡ ಬರುವುದೂ ಅದೇ ಆಸೆ. ಹೇಗೋ ಎದ್ದು ನಿಂತ ಬಟ್ಟಲು ಎಲ್ಲಿ ಕೆಟ್ಟುಹೋಗುತ್ತದೋ ಎಂಬ ಅಳುಕಿನಿಂದ ಕೈ ಹಿಂಜರಿಯುತ್ತದೆ, ಗೋಡೆ ದಪ್ಪವಾಗಿಯೇ ಉಳಿಯುತ್ತದೆ, ಮುಂದಿನ ಉಂಡೆಯಲ್ಲೂ ಅದೇ ದಪ್ಪ ಗೋಡೆಯ ಬಟ್ಟಲು ಮರುಕಳಿಸುತ್ತದೆ. ಆದ್ದರಿಂದ ಈ ಲೇಖನದ ಮೊದಲ ಸಲಹೆ ಇದು: ಆರಂಭದ ಕೆಲವು ವಾರ ಮಾಡಿದ್ದನ್ನು ಯಾವುದನ್ನೂ ಉಳಿಸಿಕೊಳ್ಳಬೇಡಿ. ಪ್ರತಿಯೊಂದನ್ನೂ ತಿಗರಿಯ ಮೇಲೆಯೇ ತಂತಿಯಿಂದ ಮೇಲಿನಿಂದ ಕೆಳಕ್ಕೆ ಎರಡು ಹೋಳಾಗಿ ಸೀಳಿ, ಒಳಗಿನ ದಪ್ಪವನ್ನು ಕಣ್ಣಾರೆ ನೋಡಿ, ಮಣ್ಣನ್ನು ಮತ್ತೆ ರಾಶಿಗೆ ಸೇರಿಸಿ. ಸುಡದ ಮಣ್ಣನ್ನು ಎಷ್ಟು ಸಲ ಬೇಕಾದರೂ ಬಳಸಬಹುದಾದ್ದರಿಂದ ಇದರಲ್ಲಿ ನಷ್ಟವೇನೂ ಇಲ್ಲ.

ಮಣ್ಣು ಮತ್ತು ಸಲಕರಣೆ

ಜೇಡಿಮಣ್ಣಿನ ಕಣಗಳು ಬರಿಗಣ್ಣಿಗೆ ಕಾಣದಷ್ಟು ಸಣ್ಣ, ಚಪ್ಪಟೆ ಬಿಲ್ಲೆಗಳು. ಅವುಗಳ ನಡುವೆ ನೀರಿನ ತೆಳುಪದರ ಇರುವಾಗ ಒಂದರ ಮೇಲೊಂದು ಜಾರುತ್ತವೆ, ಆದರೂ ಒಂದನ್ನೊಂದು ಬಿಡುವುದಿಲ್ಲ. ಒತ್ತಿದ ಆಕಾರದಲ್ಲಿ ಮಣ್ಣು ನಿಲ್ಲುವುದು ಈ ಗುಣದಿಂದಲೇ. ನೀರು ಹೆಚ್ಚಾದರೆ ಕಣಗಳ ಹಿಡಿತ ಸಡಿಲವಾಗಿ ಗೋಡೆ ಕುಸಿಯುತ್ತದೆ, ಕಡಿಮೆಯಾದರೆ ಕೈ ಉಜ್ಜಿ ಮಣ್ಣು ಹರಿಯುತ್ತದೆ. ತಿಗರಿಯ ಕೆಲಸದ ಬಹುಪಾಲು ಈ ಎರಡು ತುದಿಗಳ ನಡುವಿನ ಹದವನ್ನು ಕಾಯ್ದುಕೊಳ್ಳುವುದೇ ಆಗಿದೆ.

ಸಿದ್ಧ ಮಣ್ಣು ಸಾಮಾನ್ಯವಾಗಿ ಮೂರು ಬಗೆಯಲ್ಲಿ ಸಿಗುತ್ತದೆ. ಸುಮಾರು 1000ರಿಂದ 1150 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಯುವ ಅರ್ಥನ್‌ವೇರ್, 1200ರಿಂದ 1300 ಡಿಗ್ರಿಯಲ್ಲಿ ಬೆಂದು ಕಲ್ಲಿನಂತೆ ಗಟ್ಟಿಯಾಗುವ ಸ್ಟೋನ್‌ವೇರ್, ಮತ್ತು ಬಿಳಿಯ ಪಿಂಗಾಣಿ ಮಣ್ಣು. ನುಣುಪಾದ ಅರ್ಥನ್‌ವೇರ್ ಅಥವಾ ಅತಿ ಸಣ್ಣ ಮರಳಿನಂಥ ಕಣಗಳನ್ನು ಬೆರೆಸಿದ ಸ್ಟೋನ್‌ವೇರ್ ಹೊಸಬರಿಗೆ ಒಗ್ಗುತ್ತದೆ. ಪಿಂಗಾಣಿ ಮಣ್ಣು ನೋಡಲು ಎಷ್ಟು ಚೆಂದವೋ ಕೈಗೆ ಅಷ್ಟೇ ಕಷ್ಟ. ಸ್ವಲ್ಪ ನೀರು ಹೆಚ್ಚಾದರೂ ಕುಸಿಯುವ ಅದನ್ನು ಮೊದಲ ವರ್ಷ ಮುಟ್ಟದಿರುವುದು ಲೇಸು. ದಪ್ಪ ಹರಳಿನ ಮಣ್ಣೂ ಬೇಡ, ಅದು ಅಂಗೈಯ ಚರ್ಮವನ್ನು ತರಚುತ್ತದೆ. ಮೃದುತ್ವದ ಮಟ್ಟಿಗೆ ಹೇಳುವುದಾದರೆ, ಬೆರಳಿನಿಂದ ಹಿಸುಕಿದಾಗ ಮಣ್ಣು ಕಿವಿಯ ಹಾಲೆಯಷ್ಟು ಮೆತ್ತಗಿರಬೇಕು. ಗಟ್ಟಿ ಮಣ್ಣಿನೊಡನೆ ಗುದ್ದಾಡಿ ತಮ್ಮಲ್ಲಿ ಶಕ್ತಿಯೇ ಇಲ್ಲವೆಂದುಕೊಂಡು ಕಲಿಕೆ ಬಿಟ್ಟವರು ಕಡಿಮೆಯಲ್ಲ.

ಸಲಕರಣೆಗಳ ಪಟ್ಟಿ ಚಿಕ್ಕದು: ಎರಡು ತುದಿಗೂ ಹಿಡಿಕೆಯಿರುವ ತೆಳು ತಂತಿ, ಒಂದು ಸ್ಪಂಜು, ಹಿಡಿಕೆಯಿರುವ ಉದ್ದ ಸೂಜಿ, ಓರೆ ತುದಿಯ ಮರದ ಚಾಕು, ಗೋಡೆಯನ್ನು ನುಣುಪು ಮಾಡುವ ಮರದ ಅಥವಾ ರಬ್ಬರಿನ ಬಿಲ್ಲೆ, ತಳ ಹೆರೆಯಲು ಲೋಹದ ಕುಣಿಕೆಯ ಉಳಿ, ಅರ್ಧ ತುಂಬಿದ ಒಂದು ಬಕೆಟ್ ನೀರು ಮತ್ತು ಹಳೆಯ ಟವೆಲ್. ಉಗುರು ಕತ್ತರಿಸಿಕೊಂಡು, ಉಂಗುರ ತೆಗೆದಿಟ್ಟು ಕೂರಬೇಕು. ತಿಗರಿ ವಿದ್ಯುತ್ತಿನದಾದರೂ ಕಾಲಿನಿಂದ ಒದೆಯುವುದಾದರೂ ಕೈಯ ಕೆಲಸ ಒಂದೇ.

ತಿರುಗುವ ದಿಕ್ಕಿನ ಬಗ್ಗೆ ಒಂದು ಮಾತು. ಜಪಾನಿನಲ್ಲಿ ತಿಗರಿಯನ್ನು ಸಾಮಾನ್ಯವಾಗಿ ಪ್ರದಕ್ಷಿಣೆಯಾಗಿ ತಿರುಗಿಸುತ್ತಾರೆ, ಯುರೋಪು ಮತ್ತು ಅಮೆರಿಕದ ಹೆಚ್ಚಿನ ಕಾರ್ಯಾಗಾರಗಳಲ್ಲಿ ಅಪ್ರದಕ್ಷಿಣೆಯಾಗಿ. ಎರಡರಲ್ಲಿ ಯಾವುದೂ ಹೆಚ್ಚಲ್ಲ, ಕಡಿಮೆಯೂ ಅಲ್ಲ. ಕೆಳಗಿನ ವಿವರಣೆ ಅಪ್ರದಕ್ಷಿಣೆಯಾಗಿ ತಿರುಗುವ ತಿಗರಿಗೆ ಅನ್ವಯಿಸುತ್ತದೆ. ಇನ್ನೊಂದು ದಿಕ್ಕಿನಲ್ಲಿ ಕಲಿಯುವವರು ಎಡ ಬಲಗಳನ್ನು ಅದಲು ಬದಲು ಮಾಡಿಕೊಳ್ಳಬೇಕು.

ಮಣ್ಣನ್ನು ನಾದುವುದು

ಉಂಡೆಯ ಒಂದು ಬದಿ ಗಟ್ಟಿ, ಇನ್ನೊಂದು ಬದಿ ಮೆತ್ತಗೆ ಇದ್ದರೆ ಯಾವ ಕೈಚಳಕವೂ ಅದನ್ನು ನೆಟ್ಟಗೆ ನಿಲ್ಲಿಸಲಾರದು. ಸೊಂಟಕ್ಕಿಂತ ತುಸು ಕೆಳಗಿರುವ ಗಟ್ಟಿ ಮೇಜಿನ ಮೇಲೆ ಮಣ್ಣನ್ನಿಟ್ಟು, ಎರಡೂ ಅಂಗೈಗಳ ಬುಡದಿಂದ ಕೆಳಕ್ಕೂ ಮುಂದಕ್ಕೂ ಒತ್ತಿ, ತನ್ನ ಕಡೆಗೆ ಉರುಳಿಸಿಕೊಂಡು ಮತ್ತೆ ಒತ್ತಬೇಕು. ಬಲ ಬರಬೇಕಾದದ್ದು ತೋಳಿನಿಂದಲ್ಲ, ಮುಂದಕ್ಕೆ ಬಾಗುವ ಮೈಭಾರದಿಂದ. ಮಣ್ಣನ್ನು ತನ್ನ ಮೇಲೆಯೇ ಮಡಿಸಿಬಿಟ್ಟರೆ ಹೊಸ ಗಾಳಿ ಒಳಗೆ ಸಿಕ್ಕಿಕೊಳ್ಳುತ್ತದೆ. ಐವತ್ತರಿಂದ ನೂರು ಸಲ ಹೀಗೆ ನಾದಿದ ಮೇಲೆ ಉಂಡೆಯನ್ನು ತಂತಿಯಿಂದ ಕತ್ತರಿಸಿ ನೋಡಿದಾಗ ಒಳಗೆ ಒಂದೇ ಬಣ್ಣವಿದ್ದು, ತೂತುಗಳು ಕಾಣದಿದ್ದರೆ ಸಾಕು. ಗಾಳಿಗುಳ್ಳೆಯಿಂದಲೇ ಪಾತ್ರೆ ಸುಡುವ ಗೂಡಿನಲ್ಲಿ ಸಿಡಿಯುತ್ತದೆ ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಸಿಡಿತಕ್ಕೆ ನಿಜವಾದ ಕಾರಣ ಗೋಡೆಯಲ್ಲಿ ಉಳಿದ ತೇವ ಆವಿಯಾಗುವುದು. ಗಾಳಿಗುಳ್ಳೆ ತೊಂದರೆ ಕೊಡುವುದು ಅದಕ್ಕಿಂತ ಮೊದಲು, ಗೋಡೆ ಎತ್ತುವಾಗ ಬೆರಳಿನಡಿ ಎಡವಿ ಅಂಚನ್ನು ಓರೆ ಮಾಡುವುದರಲ್ಲಿ.

ನಾದಿದ ಮಣ್ಣನ್ನು ತೂಗಿ ಸುಮಾರು 700 ಗ್ರಾಂನ ಉಂಡೆಗಳನ್ನು ಕಟ್ಟಿ, ಒಣಗದಂತೆ ಪ್ಲಾಸ್ಟಿಕ್ ಹೊದಿಸಿ ಇಟ್ಟುಕೊಳ್ಳಿ. ಒಂದು ಸಲ ಕೂತಾಗ ಆರೇಳು ಉಂಡೆ ಸಾಕು. ಎಲ್ಲವೂ ಒಂದೇ ತೂಕ ಇದ್ದರೆ ಮಾತ್ರ ಒಂದರ ಫಲಿತಾಂಶವನ್ನು ಇನ್ನೊಂದರ ಜತೆ ಹೋಲಿಸಲು ಸಾಧ್ಯ. ಇದಕ್ಕಿಂತ ಬಹಳ ಚಿಕ್ಕ ಉಂಡೆ ದೊಡ್ಡವರ ಕೈಯೊಳಗೆ ಕಳೆದುಹೋಗುತ್ತದೆ. ಎರಡು ಕಿಲೋ ಮೀರಿದರೆ ಹೊಸಬರ ಕೈ ಸೋಲುತ್ತದೆ.

ನಡುವಿಗೆ ತರುವುದು

ಕಲಿಯುವವರ ಹೆಚ್ಚಿನ ಸಮಯವನ್ನು ನುಂಗುವ ಹಂತ ಇದು, ಹಾಗಾಗಿ ಇಲ್ಲಿ ಅವಸರ ಬೇಡ. ತಿಗರಿಯ ತಟ್ಟೆಯನ್ನು ಒರೆಸಿ, ಬಹುತೇಕ ಒಣಗಿರುವಾಗಲೇ ಉಂಡೆಯನ್ನು ನಡುವಿನ ವೃತ್ತಕ್ಕೆ ಗಟ್ಟಿಯಾಗಿ ಒತ್ತಬೇಕು. ತಟ್ಟೆ ಒದ್ದೆಯಾಗಿದ್ದರೆ ಉಂಡೆ ಜಾರುತ್ತದೆ. ತಿಗರಿಯನ್ನು ನಿಧಾನವಾಗಿ ತಿರುಗಿಸುತ್ತಾ ಎರಡೂ ಅಂಗೈಗಳಿಂದ ತಟ್ಟಿ ತಟ್ಟಿ ಉಂಡೆಯನ್ನು ಆದಷ್ಟು ನಡುವಿಗೆ ಸರಿಸಿ, ಬುಡದ ಸುತ್ತ ಬೆರಳಿನಿಂದ ಒತ್ತಿ ತಟ್ಟೆಗೆ ಅಂಟಿಸಿ. ನೀರು ಮುಟ್ಟಿಸುವ ಮೊದಲೇ ಇಷ್ಟು ಮಾಡಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ಪೀಠ ತಿಗರಿಯ ತಟ್ಟೆಯ ಮಟ್ಟಕ್ಕೆ ಅಥವಾ ಅದಕ್ಕಿಂತ ಸ್ವಲ್ಪ ಮೇಲಿರಲಿ. ತಟ್ಟೆಗೆ ಆದಷ್ಟು ಹತ್ತಿರ ಕುಳಿತು, ಎಡ ಮೊಣಕೈಯನ್ನು ಎಡ ತೊಡೆಯ ಒಳಬದಿಗೋ ಸೊಂಟದ ಮೂಳೆಗೋ ಊರಬೇಕು. ಗಾಳಿಯಲ್ಲಿ ತೇಲುವ ಮೊಣಕೈಯಿಂದ ಮಣ್ಣು ನಡುವಿಗೆ ಬರುವುದೇ ಇಲ್ಲ, ಬದಲಿಗೆ ಮಣ್ಣಿನ ಅಲುಗಾಟಕ್ಕೆ ಕೈಯೇ ಕುಣಿಯತೊಡಗುತ್ತದೆ. ಮೈ ಮತ್ತು ಕೈ ಕದಲದೆ ನಿಂತಾಗ ಮಣ್ಣಿಗೆ ಬೇರೆ ದಾರಿ ಇರುವುದಿಲ್ಲ. ಉಬ್ಬಿದ ಭಾಗ ಪ್ರತಿ ಸುತ್ತಿನಲ್ಲೂ ಅದೇ ಜಾಗದಲ್ಲಿರುವ ಅಂಗೈಗೆ ತಾಗಿ ಒಳಕ್ಕೆ ಸರಿಯುತ್ತದೆ.

ಈಗ ಉಂಡೆಯನ್ನೂ ಕೈಗಳನ್ನೂ ಒದ್ದೆ ಮಾಡಿ, ತಿಗರಿಯ ವೇಗವನ್ನು ನಿಮಿಷಕ್ಕೆ 150ರಿಂದ 200 ಸುತ್ತಿನವರೆಗೆ ಏರಿಸಿ. ಎಡ ಅಂಗೈಯ ಬುಡ ಉಂಡೆಯ ಎಡ ಪಕ್ಕವನ್ನು ನಡುವಿನ ಕಡೆಗೆ ತಳ್ಳುತ್ತದೆ, ಬಲ ಅಂಗೈಯ ಕಿರುಬೆರಳಿನ ಬದಿ ಮೇಲಿನಿಂದ ಕೆಳಕ್ಕೆ ಒತ್ತುತ್ತದೆ, ಹೆಬ್ಬೆರಳುಗಳು ಒಂದನ್ನೊಂದು ಹಿಡಿದು ಎರಡು ಕೈಗಳನ್ನು ಒಂದಾಗಿಸುತ್ತವೆ. ಒತ್ತಡವನ್ನು ಮೆಲ್ಲಗೆ ಕೊಟ್ಟು, ನಾಲ್ಕೈದು ಸುತ್ತು ಹಾಗೆಯೇ ಹಿಡಿದು, ಮೆಲ್ಲಗೆ ಬಿಡಬೇಕು. ಈ ಬಿಡುವ ಕ್ರಿಯೆಯೇ ಹೆಚ್ಚಿನವರು ಕಡೆಗಣಿಸುವ ಸಂಗತಿ. ನಡುವಿಗೆ ಬಂದ ಮಣ್ಣಿನಿಂದ ಕೈಯನ್ನು ಥಟ್ಟನೆ ಕಿತ್ತರೆ ಅದೇ ಕ್ಷಣ ಅದು ಮತ್ತೆ ಓರೆಯಾಗುತ್ತದೆ.

ನಂತರ ಎರಡೂ ಅಂಗೈಗಳಿಂದ ಉಂಡೆಯ ಬುಡವನ್ನು ಎರಡು ಕಡೆಯಿಂದ ಹಿಸುಕುತ್ತಾ ಮೇಲೆ ಬಂದರೆ ಮಣ್ಣು ಶಂಕುವಿನಂತೆ ಏರುತ್ತದೆ. ಅದರ ತಲೆಯ ಮೇಲೆ ಬಲ ಅಂಗೈ ಇಟ್ಟು, ಎಡಗೈಯಿಂದ ಪಕ್ಕವನ್ನು ಕಾಯುತ್ತಾ ಮತ್ತೆ ಕೆಳಕ್ಕೆ ತರಬೇಕು. ಎರಡು ಮೂರು ಸಲ ಹೀಗೆ ಏರಿಸಿ ಇಳಿಸಿದರೆ ಒಳಗಿನ ಮಣ್ಣೂ ಒಂದೇ ಹದಕ್ಕೆ ಬರುತ್ತದೆ. ಶಂಕುವಿನ ತುದಿಯಲ್ಲಿ ಗುಳಿ ಬೀಳದಂತೆ, ಇಳಿಸುವಾಗ ಬುಡ ಹೊರಕ್ಕೆ ಚಾಚಿ ಮಡಿಕೆಯಾಗದಂತೆ ನೋಡಿಕೊಳ್ಳಿ, ಏಕೆಂದರೆ ಅಂಥ ಕಡೆ ನೀರೂ ಕೆಸರೂ ಸಿಕ್ಕಿಕೊಂಡು ಮುಂದೆ ಗೋಡೆಯನ್ನು ಸೀಳುತ್ತವೆ.

ಮಣ್ಣು ನಡುವಿಗೆ ಬಂದಿದೆಯೇ ಎಂದು ತಿಳಿಯಲು ಕಣ್ಣು ಮುಚ್ಚಿ ಒಂದು ಬೆರಳನ್ನು ಹಗುರವಾಗಿ ಪಕ್ಕಕ್ಕೆ ತಾಗಿಸಿ: ಬೆರಳಿಗೆ ಮಿಡಿತ ಸಿಗಬಾರದು. ಅನುಮಾನವಿದ್ದರೆ ಸೂಜಿಯನ್ನು ಅಲುಗದಂತೆ ಹಿಡಿದು ಮೆಲ್ಲನೆ ಹತ್ತಿರ ತನ್ನಿ. ಗೀರು ಸುತ್ತಲೂ ಬಿದ್ದರೆ ಸರಿ. ಒಂದೇ ಬದಿಯಲ್ಲಿ ಬಿದ್ದರೆ ಆ ಬದಿ ಇನ್ನೂ ಹೊರಕ್ಕಿದೆ. ಮೊದಲ ಕೆಲವು ದಿನ ಇಷ್ಟನ್ನೇ ಮಾಡಿ, ಉಂಡೆಯನ್ನು ತೆಗೆದು, ಮತ್ತೊಂದನ್ನು ಇಡುವುದು ಬೇಸರದ ಕೆಲಸವಾದರೂ ಅದಕ್ಕಿಂತ ಹತ್ತಿರದ ದಾರಿ ಇಲ್ಲ.

ತೆರೆಯುವುದು ಮತ್ತು ತಳ

ವೇಗವನ್ನು 100 ಸುತ್ತಿನ ಆಸುಪಾಸಿಗೆ ಇಳಿಸಿ, ಎರಡೂ ಹೆಬ್ಬೆರಳುಗಳನ್ನು ಅಥವಾ ಬಲಗೈಯ ನಡುಬೆರಳನ್ನು ಉಂಡೆಯ ನಟ್ಟನಡುವೆ ಇಟ್ಟು ನೇರವಾಗಿ ಕೆಳಕ್ಕೆ ಒತ್ತಬೇಕು. ತಳ ಎಷ್ಟು ಉಳಿದಿದೆ ಎಂಬುದನ್ನು ಊಹಿಸಬೇಡಿ. ತಿಗರಿ ನಿಲ್ಲಿಸಿ, ತಟ್ಟೆಗೆ ತಾಗುವವರೆಗೆ ಸೂಜಿ ಚುಚ್ಚಿ, ಮಣ್ಣಿನ ಮಟ್ಟದಲ್ಲಿ ಸೂಜಿಯನ್ನು ಬೆರಳಿನಿಂದ ಹಿಡಿದು ಹೊರತೆಗೆದರೆ ಅಳತೆ ಸಿಗುತ್ತದೆ. ಮುಂದೆ ಹೆರೆದು ಪಾದದ ಉಂಗುರ, ಅಂದರೆ ಪಾತ್ರೆ ನಿಲ್ಲುವ ಬಳೆಯಂಥ ಅಡಿಯಂಚು, ಮಾಡುವುದಿದ್ದರೆ 8ರಿಂದ 10 ಮಿಲಿಮೀಟರ್, ಇಲ್ಲವಾದರೆ 5ರಿಂದ 6 ಮಿಲಿಮೀಟರ್ ಸಾಕು. ಬಳಿಕ ಬೆರಳುಗಳನ್ನು ತಳದಲ್ಲೇ ಇರಿಸಿ ನಿಮ್ಮ ಕಡೆಗೆ ಎಳೆಯುತ್ತಾ ತಳವನ್ನು ಬೇಕಾದಷ್ಟು ಅಗಲಿಸಿ.

ಅಗಲಿಸಿದ ತಳವನ್ನು ನಡುವಿನಿಂದ ಅಂಚಿಗೆ, ಅಂಚಿನಿಂದ ನಡುವಿಗೆ ಬೆರಳಿನಿಂದಲೋ ಬಿಲ್ಲೆಯಿಂದಲೋ ಮೂರು ನಾಲ್ಕು ಸಲ ಒತ್ತಿ ಬಿಗಿಗೊಳಿಸಬೇಕು. ಗೋಡೆಯ ಮಣ್ಣು ಎಳೆತದಿಂದ ತಾನಾಗಿಯೇ ಬಿಗಿಯಾಗುತ್ತದೆ, ತಳಕ್ಕೆ ಆ ಅವಕಾಶವಿಲ್ಲ. ಬಿಗಿಯಾಗದ ತಳ ಒಣಗುವಾಗ ಗೋಡೆಗಿಂತ ಬೇರೆ ರೀತಿಯಲ್ಲಿ ಕುಗ್ಗಿ, ಇಂಗ್ಲಿಷಿನ ‘ಎಸ್’ ಅಕ್ಷರದ ಆಕಾರದಲ್ಲಿ ಬಿರಿಯುತ್ತದೆ.

ಗೋಡೆಯನ್ನು ಎತ್ತುವುದು

ಮೊದಲ ಅಭ್ಯಾಸಕ್ಕೆ ನೇರ ಗೋಡೆಯ ಸಿಲಿಂಡರ್ ಒಂದನ್ನೇ ಆಯ್ದುಕೊಳ್ಳಿ. ಬಟ್ಟಲು ತಾನಾಗಿಯೇ ಅಗಲವಾಗುವುದರಿಂದ ಅದು ಸುಲಭವೆನಿಸುತ್ತದೆ, ಆದರೆ ತಪ್ಪುಗಳನ್ನು ಮುಚ್ಚಿಡುತ್ತದೆ. 700 ಗ್ರಾಂನಿಂದ 12 ಸೆಂಟಿಮೀಟರ್ ಎತ್ತರ, 9 ಸೆಂಟಿಮೀಟರ್ ಅಗಲದ ಸಿಲಿಂಡರ್ ಹೊಸಬರಿಗೆ ಎಟಕುವ ಗುರಿ.

ತಿಗರಿಯ ವೇಗ 60ರಿಂದ 80 ಸುತ್ತಿಗೆ ಇಳಿಯಲಿ. ಪಾತ್ರೆಯ ಬಲ ಪಕ್ಕದಲ್ಲಿ, ಎಡಗೈ ಬೆರಳುಗಳು ಒಳಗೆ, ಬಲಗೈಯ ತೋರುಬೆರಳಿನ ಗೆಣ್ಣು ಅಥವಾ ಬೆರಳ ತುದಿ ಹೊರಗೆ, ಎಡ ಹೆಬ್ಬೆರಳು ಬಲಗೈಯನ್ನು ತಾಗಿರಬೇಕು; ಎರಡು ಕೈಗಳ ನಡುವಿನ ಅಂತರವನ್ನು ಕಾಯುವುದು ಈ ತಾಗುವಿಕೆಯೇ. ಮೊದಲು ಹೊರಗಿನ ಬೆರಳನ್ನು ತಟ್ಟೆಗೆ ತಾಗುವಷ್ಟು ಕೆಳಗಿಟ್ಟು ಒಳಕ್ಕೆ ಒತ್ತಿದರೆ ಅದರ ಮೇಲ್ಗಡೆ ಮಣ್ಣಿನ ಒಂದು ಏಣು ಉಬ್ಬಿ ನಿಲ್ಲುತ್ತದೆ. ಮುಂದಿನ ಕೆಲಸವೆಂದರೆ ಆ ಏಣನ್ನು ಎರಡು ಬೆರಳುಗಳ ನಡುವೆ ಹಿಡಿದು ಅಂಚಿನವರೆಗೆ ಒಯ್ಯುವುದಷ್ಟೆ.

ಎಷ್ಟು ಬೇಗ ಮೇಲೇರಬೇಕೆಂಬುದಕ್ಕೆ ಲೆಕ್ಕವಿದೆ. ಬೆರಳು ಒಂದು ಸುತ್ತಿನಲ್ಲಿ ತನ್ನ ಅಗಲಕ್ಕಿಂತ ಹೆಚ್ಚು ಏರಿದರೆ ಗೋಡೆಯ ಕೆಲವು ಭಾಗ ಒತ್ತಡವಿಲ್ಲದೆ ಉಳಿದು, ಸುರುಳಿ ಸುರುಳಿಯಾಗಿ ದಪ್ಪ ತೆಳುವಾಗುತ್ತದೆ. ಬೆರಳ ತುದಿ ಮಣ್ಣಿಗೆ ತಾಗುವ ಅಗಲ 8 ಮಿಲಿಮೀಟರ್ ಎಂದಿಟ್ಟುಕೊಂಡರೆ, 10 ಸೆಂಟಿಮೀಟರ್ ಗೋಡೆಗೆ ಹನ್ನೆರಡು ಹದಿಮೂರು ಸುತ್ತು ಬೇಕು. ನಿಮಿಷಕ್ಕೆ 60 ಸುತ್ತಿನ ವೇಗದಲ್ಲಿ ಅದು ಹನ್ನೆರಡು ಹದಿಮೂರು ಸೆಕೆಂಡು. ಹೊಸಬರು ಸಾಮಾನ್ಯವಾಗಿ ಇದನ್ನು ನಾಲ್ಕೇ ಸೆಕೆಂಡಿನಲ್ಲಿ ಮುಗಿಸುತ್ತಾರೆ. ಮನಸ್ಸಿನಲ್ಲಿ ಎಣಿಸಿಕೊಳ್ಳುತ್ತಾ ಎತ್ತಿದರೆ ಈ ಒಂದು ದೋಷ ಬಹುಬೇಗ ತಿದ್ದಿಹೋಗುತ್ತದೆ.

ಮೇಲೇರಿದಂತೆ ಗೋಡೆ ತೆಳುವಾಗುವುದರಿಂದ ಒತ್ತಡವೂ ಹಗುರವಾಗುತ್ತ ಹೋಗಬೇಕು, ಅಂಚಿನಲ್ಲಿ ಕೈಯನ್ನು ಮೆಲ್ಲಗೆ ಬಿಡಬೇಕು. ಪ್ರತಿ ಎಳೆತದ ನಂತರ ಅಂಚನ್ನು ಎರಡು ಬೆರಳುಗಳ ನಡುವೆ ಹಿಡಿದು ಇನ್ನೊಂದು ಬೆರಳಿನಿಂದ ಮೇಲಿನಿಂದ ಹಗುರವಾಗಿ ಒತ್ತಿ ಗಟ್ಟಿಮಾಡಿ, ಒಳಗೆ ನಿಂತ ನೀರನ್ನು ಸ್ಪಂಜಿನಿಂದ ಹೀರಿ ತೆಗೆಯಿರಿ. ತಿರುಗುವ ರಭಸಕ್ಕೆ ಬಾಯಿ ಸದಾ ಅಗಲವಾಗಲು ಹವಣಿಸುತ್ತದೆ, ಆದ್ದರಿಂದ ಎಳೆಯುವಾಗ ಗೋಡೆಯನ್ನು ಸ್ವಲ್ಪ ಒಳಮುಖವಾಗಿಯೇ ಒಯ್ಯುವುದು ಜಾಣತನ. ಅಗಲವಾದ ಬಾಯನ್ನು ಕಿರಿದಾಗಿಸುವುದಕ್ಕಿಂತ ಕಿರಿದಾದದ್ದನ್ನು ಅಗಲಿಸುವುದು ಎಷ್ಟೋ ಸುಲಭ. ಮೂರರಿಂದ ಐದು ಎಳೆತಗಳಲ್ಲಿ ಕೆಲಸ ಮುಗಿಯಬೇಕು. ಅದಕ್ಕೂ ಮೀರಿದರೆ ಮಣ್ಣು ನೀರು ಕುಡಿದು ಸೋತು ಕುಳಿತುಬಿಡುತ್ತದೆ. ಅಂಚು ಏರುಪೇರಾಗಿದ್ದರೆ ತಿರುಗುತ್ತಿರುವಾಗಲೇ ಒಳಗೆ ಬೆರಳಿನ ಆಸರೆ ಕೊಟ್ಟು ಸೂಜಿಯಿಂದ ಕತ್ತರಿಸಿ ತೆಗೆಯಬಹುದು.

ಇನ್ನು ಸೀಳುವುದು. ಬಹುತೇಕ ಎಲ್ಲರ ಮೊದಲ ಹೋಳುಗಳಲ್ಲೂ ತಳ ಮತ್ತು ಗೋಡೆ ಕೂಡುವ ಮೂಲೆಯಲ್ಲಿ ಮಣ್ಣಿನ ದಪ್ಪ ತ್ರಿಕೋನ ಕಾಣುತ್ತದೆ: ಎಳೆತ ಬೇಕಾದಷ್ಟು ಕೆಳಗಿನಿಂದ ಆರಂಭವಾಗಿಲ್ಲ ಎಂದರ್ಥ. ನಡುವೆ ಎಲ್ಲಾದರೂ ಗೋಡೆ ಸೊರಗಿದ್ದರೆ ಕೈ ಅಲ್ಲಿ ತಡೆದು ನಿಂತಿದೆ. ಎಡ ಹೋಳಿನ ಗೋಡೆ ದಪ್ಪ, ಬಲ ಹೋಳಿನದು ತೆಳು ಎಂದಾದರೆ ದೋಷ ಎಳೆತದ್ದಲ್ಲ, ಮಣ್ಣು ನಡುವಿಗೆ ಬರುವ ಮೊದಲೇ ತೆರೆಯಲಾಗಿದೆ. ಹೀಗೆ ಓದಿಕೊಂಡ ದೋಷವನ್ನು ಮುಂದಿನ ಉಂಡೆಯಲ್ಲೇ ತಿದ್ದಲು ನೋಡಿ, ಒಂದು ಸಲಕ್ಕೆ ಒಂದೇ. ಸೂಜಿ ಚುಚ್ಚದೆ, ಸೀಳದೆ ಗೋಡೆಯ ದಪ್ಪವನ್ನು ಬೆರಳುಗಳೇ ಹೇಳತೊಡಗಿದಾಗ ಪಾತ್ರೆಗಳನ್ನು ಉಳಿಸಿಕೊಳ್ಳಲು ಆರಂಭಿಸಬಹುದು. ಬಟ್ಟಲು, ಹೂಜಿ, ಕಿರಿದು ಕಂಠದ ಪಾತ್ರೆಗಳೆಲ್ಲ ಸಿಲಿಂಡರ್ ಕೈವಶವಾದ ಮೇಲಿನ ಮಾತು.

ಉಳಿಸುವ ಪಾತ್ರೆಯ ಬುಡದ ಕೆಸರನ್ನು ಮರದ ಚಾಕುವಿನ ಓರೆ ತುದಿಯಿಂದ ಕತ್ತರಿಸಿ, ತಂತಿಯನ್ನು ಬಿಗಿಯಾಗಿ ಎಳೆದು ಹಿಡಿದು ತಟ್ಟೆಗೆ ಅಂಟಿದಂತೆ ಅಡಿಯಿಂದ ಹಾಯಿಸಬೇಕು. ಕೈ ಒರೆಸಿಕೊಂಡು, ಎರಡೂ ಅಂಗೈಗಳಿಂದ ಬುಡವನ್ನು ಹಿಡಿದು ಹಲಗೆಗೆ ಸಾಗಿಸಿ. ಬಾಯಿ ತುಸು ಸೊಟ್ಟಾದರೆ ಆಗಲೇ ತಿದ್ದುವ ಅವಸರ ಬೇಡ, ಮಣ್ಣು ಕೊಂಚ ಬಿಗಿದ ಮೇಲೆ ಅದು ಸುಲಭ.

ಒಣಗಿಸುವುದು, ಹೆರೆಯುವುದು

ಅಂಚು ಬೇಗ ಒಣಗುತ್ತದೆ, ತಳ ತಡವಾಗಿ. ಆದ್ದರಿಂದ ಗಾಳಿ ಬಿಸಿಲುಗಳಿಂದ ದೂರವಿಟ್ಟು, ಸಡಿಲವಾಗಿ ಪ್ಲಾಸ್ಟಿಕ್ ಹೊದಿಸಿ, ಅಂಚು ಮುಟ್ಟಿದರೆ ಕೆಡದಷ್ಟು ಗಟ್ಟಿಯಾದ ಕೂಡಲೇ ಬೋರಲು ಹಾಕಬೇಕು. ಬೆರಳಿನಿಂದ ಒತ್ತಿದರೆ ತಗ್ಗದೆ, ಉಗುರು ಒತ್ತಿದರೆ ಮಾತ್ರ ಗುರುತು ಬೀಳುವ ಸ್ಥಿತಿಯೇ ಹೆರೆಯುವ ಹದ. ಹಿಡಿಕೆ ಜೋಡಿಸುವುದೂ ಇದೇ ಹದದಲ್ಲಿ. ಎರಡೂ ಭಾಗಗಳ ತೇವ ಹೆಚ್ಚುಕಡಿಮೆ ಒಂದೇ ಇರುವಾಗ ಕೂಡುವ ಜಾಗಗಳನ್ನು ಗೀರಿ, ಗಟ್ಟಿ ಕೆಸರು ಹಚ್ಚಿ ಒತ್ತಬೇಕು.

ಹೆರೆಯುವ ಮೊದಲು ಒಳಗಿನ ಆಳವನ್ನೂ ಹೊರಗಿನ ಎತ್ತರವನ್ನೂ ಅಳೆದುಕೊಂಡರೆ ತಳದ ದಪ್ಪ ಗೊತ್ತಾಗುತ್ತದೆ. ಪಾತ್ರೆಯನ್ನು ತಿಗರಿಯ ಮೇಲೆ ಬೋರಲಿಟ್ಟು, ಸೂಜಿಯ ಗೀರು ನೋಡಿ ನಡುವಿಗೆ ಸರಿಸಿ, ಮೂರು ಕಡೆ ಮೆತ್ತನೆಯ ಮಣ್ಣಿನ ಮುದ್ದೆಗಳಿಂದ ತಟ್ಟೆಗೆ ಬಂಧಿಸಿ. ಕುಣಿಕೆ ಉಳಿಯನ್ನು ಹಿಡಿದ ಕೈಗೆ ಇನ್ನೊಂದು ಕೈಯ ಆಸರೆ ಇರಲಿ. ಮಣ್ಣು ಉದ್ದ ಪಟ್ಟಿಗಳಾಗಿ ಸುಲಿದು ಬಂದರೆ ಹದ ಸರಿಯಾಗಿದೆ. ಉಳಿಗೆ ಅಂಟಿಕೊಂಡರೆ ಇನ್ನೂ ಹಸಿ. ಪುಡಿಯಾಗಿ ಉದುರಿದರೆ ಹೊತ್ತು ಮೀರಿದೆ, ಆಗ ಬಲವಂತ ಮಾಡದೆ ಬಿಟ್ಟುಬಿಡಿ.

ಸುಡುವುದು ಮತ್ತು ಮೆರುಗು

ಆರಂಭದಲ್ಲಿ ಗೂಡನ್ನು ಅನುಭವಿಗಳಿಗೆ ಬಿಡುವುದೇ ಸರಿ, ಆದರೆ ಒಳಗೆ ಏನಾಗುತ್ತದೆಂಬುದು ತಿಳಿದಿರಲಿ. ಪೂರ್ತಿ ಒಣಗದ ಪಾತ್ರೆಯನ್ನು ಕೆನ್ನೆಗೆ ತಾಗಿಸಿದರೆ ತಣ್ಣಗೆನಿಸುತ್ತದೆ. ಅಂಥದ್ದು ಗೂಡಿಗೆ ಹೋಗಬಾರದು. 100 ಡಿಗ್ರಿಯಲ್ಲಿ ನೀರು ಸಾವಿರ ಪಟ್ಟಿಗೂ ಹೆಚ್ಚು ಹಿಗ್ಗಿ ಆವಿಯಾಗುವುದರಿಂದ, ಒಳಗೆ ಸಿಕ್ಕಿದ ತೇವ ಗೋಡೆಯನ್ನು ಸಿಡಿಸುತ್ತದೆ. ಮಣ್ಣಿನ ಕಣಗಳ ರಚನೆಯಲ್ಲೇ ಬೆಸೆದಿರುವ ನೀರು ಹೊರಹೋಗುವುದು 400 ಡಿಗ್ರಿ ದಾಟಿದ ಮೇಲೆ. ಅಲ್ಲಿಂದಾಚೆ ಅದು ಮತ್ತೆ ಕಲಸಿ ಬಳಸುವ ಮಣ್ಣಲ್ಲ. 573 ಡಿಗ್ರಿಯಲ್ಲಿ ಮಣ್ಣಿನೊಳಗಿನ ಸ್ಫಟಿಕಶಿಲೆಯ ಕಣಗಳು ಥಟ್ಟನೆ ಹಿಗ್ಗುವುದರಿಂದ, ತಣಿಯುವಾಗ ಅದೇ ಹಂತದಲ್ಲಿ ಕುಗ್ಗುವುದರಿಂದ, ಆ ಆಸುಪಾಸಿನಲ್ಲಿ ತಾಪ ನಿಧಾನವಾಗಿ ಬದಲಾಗಬೇಕು. ಮೊದಲ ಸುಡುವಿಕೆ ಸಾಮಾನ್ಯವಾಗಿ 950ರಿಂದ 1050 ಡಿಗ್ರಿಯವರೆಗೆ ನಡೆದು ಪಾತ್ರೆಯನ್ನು ಗಟ್ಟಿಯಾಗಿಯೂ ನೀರು ಹೀರುವಂತೆಯೂ ಉಳಿಸುತ್ತದೆ.

ಮೆರುಗು, ಅಂದರೆ ಎರಡನೆಯ ಸಲ ಸುಟ್ಟಾಗ ಕರಗಿ ಗಾಜಿನಂಥ ಪದರವಾಗುವ ಗ್ಲೇಜ್, ಬಳಸುವ ಮಣ್ಣಿನ ತಾಪಕ್ಕೆ ಹೊಂದುವಂಥದ್ದಾಗಿರಬೇಕು; ಊಟದ ಪಾತ್ರೆಗಾದರೆ ಸೀಸರಹಿತವಾಗಿಯೂ ಇರಬೇಕು. ಧೂಳು ಒರೆಸಿದ ಪಾತ್ರೆಯನ್ನು ಮೆರುಗಿನಲ್ಲಿ ಎರಡು ಮೂರು ಸೆಕೆಂಡು ಅದ್ದಿ ತೆಗೆದು, ತಳವನ್ನೂ ಅದರ ಮೇಲಿನ ಮೂರು ನಾಲ್ಕು ಮಿಲಿಮೀಟರ್ ಅಂಚನ್ನೂ ಒದ್ದೆ ಸ್ಪಂಜಿನಿಂದ ಸ್ವಚ್ಛ ಮಾಡಿ, ಇಲ್ಲವಾದರೆ ಕರಗಿದ ಮೆರುಗು ಪಾತ್ರೆಯನ್ನು ಗೂಡಿನ ಹಲಗೆಗೆ ಬೆಸೆದುಬಿಡುತ್ತದೆ. ಹಸಿಯಿಂದ ಕೊನೆಯ ಸುಡುವಿಕೆಯವರೆಗೆ ಸ್ಟೋನ್‌ವೇರ್ ಸುಮಾರು ಶೇಕಡಾ 12ರಷ್ಟು ಕುಗ್ಗುವುದುಂಟು, ಅಂದರೆ 10 ಸೆಂಟಿಮೀಟರ್ ಬಾಯಿ 8.8 ಸೆಂಟಿಮೀಟರ್ ಆಗುತ್ತದೆ. ಬೇಕಾದ ಅಳತೆಗಿಂತ ದೊಡ್ಡದಾಗಿಯೇ ಮಾಡಬೇಕು.

ಧೂಳು ಮತ್ತು ಉಳಿದ ಮಣ್ಣು

ಒಣ ಮಣ್ಣಿನ ಧೂಳಿನಲ್ಲಿ ಸಿಲಿಕಾ ಇರುತ್ತದೆ. ಅದನ್ನು ವರ್ಷಗಟ್ಟಲೆ ಉಸಿರಾಡಿದರೆ ಶ್ವಾಸಕೋಶಕ್ಕೆ ಸಿಲಿಕೋಸಿಸ್ ಎಂಬ ವಾಸಿಯಾಗದ ಕಾಯಿಲೆ ಬರಬಹುದು. ಕೆಲಸದ ಜಾಗವನ್ನು ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು, ಒಣಗಿದ ಪಾತ್ರೆಯನ್ನು ಉಜ್ಜಿ ನುಣುಪು ಮಾಡಬಾರದು, ಮಣ್ಣಾದ ಬಟ್ಟೆಯನ್ನು ಕೊಡವಬಾರದು.

ಕೈ ತೊಳೆದ ಕೆಸರುನೀರನ್ನು ಬಚ್ಚಲ ಕೊಳವೆಗೆ ಸುರಿದರೆ ಅದು ಕಟ್ಟಿಕೊಳ್ಳುವುದು ಖಂಡಿತ. ಬಕೆಟ್ಟಿನಲ್ಲಿ ಒಂದು ರಾತ್ರಿ ಬಿಟ್ಟು ತಿಳಿನೀರನ್ನು ಮಾತ್ರ ಚೆಲ್ಲಿ. ಸೀಳಿದ ಹೋಳುಗಳನ್ನೂ ಹೆರೆದ ಪಟ್ಟಿಗಳನ್ನೂ ಪೂರ್ತಿ ಒಣಗಿಸಿದ ಮೇಲೆಯೇ ನೀರಿಗೆ ಹಾಕಬೇಕು. ಒಣಗಿದ್ದು ನೀರಿನಲ್ಲಿ ತಾನಾಗಿ ಕಳಚಿ ಕರಗುತ್ತದೆ, ಅರೆ ಒಣಗಿದ್ದು ವಾರವಾದರೂ ಗಂಟುಗಂಟಾಗಿ ಉಳಿಯುತ್ತದೆ. ನೆನೆದ ಮೇಲೆ ಮೇಲಿನ ನೀರನ್ನು ತೆಗೆದು, ಕೆಸರನ್ನು ಪ್ಲಾಸ್ಟರ್ ಆಫ್ ಪ್ಯಾರಿಸ್‌ನ ಒಣ ಹಲಗೆಯ ಮೇಲೆ ಎರಡು ಮೂರು ಬೆರಳು ದಪ್ಪಕ್ಕೆ ಹರಡಿ. ಅಡಿಭಾಗ ಬಿಗಿದು ಹಲಗೆಯಿಂದ ಬಿಟ್ಟುಕೊಂಡಾಗ ಮಗುಚಿ ಹಾಕಿ, ಕೈಗೆ ಅಂಟದ ಹದ ಬಂದ ಕೂಡಲೇ ಎತ್ತಿ ನಾದಿ, ಗಾಳಿಯಾಡದ ಚೀಲದಲ್ಲಿ ಕಟ್ಟಿಡಿ. ಹಲಗೆಯನ್ನು ಲೋಹದಿಂದ ಕೆರೆಯಬೇಡಿ. ಪ್ಲಾಸ್ಟರಿನ ಒಂದು ಚೂರು ಮಣ್ಣಿಗೆ ಸೇರಿದರೂ ಸುಟ್ಟ ಪಾತ್ರೆಯ ಮೈಯಿಂದ ದಿನಗಳ ಬಳಿಕ ಚಕ್ಕೆ ಎದ್ದುಬರುತ್ತದೆ.